ಮಲಕವ್ವನ ಮೇಲೆ ದೋಷಾರೋಪಣೆ

ದೋಷಾರೋಪಣೆ ಎಂಬ ಮಾತು ನಮ್ಮ ಕೇರಿಗೆ ಬಂದದ್ದು ನಮ್ಮ ಚಿಗವ್ವ ಮಲಕವ್ವನ ಹೆಸರಿನ ಜೊತೆಗೆ. ಅದಕ್ಕೂ ಮೊದಲು ನಮಗೆ ಅಷ್ಟುದ್ದದ ಮಾತಿನ ಜರೂರೇ ಬಿದ್ದಿರಲಿಲ್ಲ. ಊರಿನಲ್ಲಿ ಯಾರದೋ ಪಂಪಿನ ಕೇಬಲ್ ಹೋದರೆ ಒಬ್ಬ ಕೇರಿಯ ಬಾಯಿಗೆ ಬಂದು ನಿಂತು ‘ನೀವ ಲೇ’ ಅನ್ನುತ್ತಿದ್ದ. ಅಷ್ಟೇ. ತನಿಖೆ, ಸಾಕ್ಷಿ, ತೀರ್ಪು ಎಲ್ಲ ಅದರಲ್ಲೇ ಮುಗಿಯುತ್ತಿತ್ತು. ಕೋಳಿ ಕಾಣದಿದ್ದರೆ ನಾವು, ಬಾವಿಯ ಹಗ್ಗ ಕಾಣದಿದ್ದರೆ ನಾವು, ಮಳೆ ತಡವಾದರೆ ಒಮ್ಮೊಮ್ಮೆ ಅದಕ್ಕೂ ನಾವು. ಆಮೇಲೆ ಕೋಳಿ ತಿಪ್ಪೆಯ ಹಿಂದೆ ಕಾವಿಗೆ ಕೂತದ್ದು ಸಿಗುತ್ತಿತ್ತು. ಸಿಕ್ಕಿತು ಎಂದು ಹೇಳಲು ಮಾತ್ರ ಯಾರೂ ಕೇರಿಗೆ ಬರುತ್ತಿರಲಿಲ್ಲ.

ನಾನು ಬಾಳೇಶ. ರಾಯಬಾಗಕ್ಕೂ ಉಗಾರಕ್ಕೂ ನಡುವೆ ಟಂಟಂ ರಿಕ್ಷಾ ಓಡಿಸುತ್ತೇನೆ. ಬಿ.ಎ. ಎರಡನೇ ವರ್ಷದಲ್ಲಿ ಫೇಲಾಗಿ ಬಿಟ್ಟವನು, ಆದ್ದರಿಂದ ಕೇರಿಯ ಮಟ್ಟಿಗೆ ಪಂಡಿತ. ನಾವು ಮಾದಿಗರು, ಊರವರ ಬಾಯಲ್ಲಿ ಮಾದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪೊಲೀಸರು ಬರೆದ ಕೇಸಿನಲ್ಲಿ ಈ ಸಂಗತಿಯೊಂದು ಎಲ್ಲೂ ಇರಲಿಲ್ಲ. ಇಡೀ ಕೇಸು ನಿಂತದ್ದು ಮಾತ್ರ ಇದರ ಮೇಲೇ.

ಚಿಗವ್ವನ ಕೆಲಸ ಕಬ್ಬು ಕಡಿಯುವುದು. ಕೆಲಸ ಎಂದರೆ ಏನೆಂದು ಓದುವವರಿಗೆ ಗೊತ್ತಿರಲಿ. ಬೆಳಕು ಹರಿಯುವ ಮೊದಲೇ ಹೊಲದಲ್ಲಿರಬೇಕು. ಕೊಯ್ತಾ ಎಂಬ ಕತ್ತಿ ಹಿಡಿದು ಬುಡಕ್ಕೆ ಬಾಗಬೇಕು, ಕಡಿಯಬೇಕು, ತಲೆ ಸವರಬೇಕು, ಎಸೆಯಬೇಕು, ಮತ್ತೆ ಬಾಗಬೇಕು. ಕಬ್ಬಿನ ಎಲೆಯ ಅಂಚು ಬ್ಲೇಡು. ಮೊಣಕೈವರೆಗೆ ಗಂಡನ ಹಳೇ ಅಂಗಿಯ ತೋಳು ಹಾಕಿಕೊಂಡರೂ ಗೀರು ತಪ್ಪುವುದಿಲ್ಲ. ಆ ಗೀರಿಗೆ ಬೆವರು ಇಳಿಯುತ್ತದೆ. ಬೆವರಿಗೆ ಕಬ್ಬಿನ ರಸ ಅಂಟುತ್ತದೆ. ಮಧ್ಯಾಹ್ನದ ಹೊತ್ತಿಗೆ ಹೆಂಗಸರ ತಲೆಗೂದಲು ಜಡೆಗಟ್ಟಿ ಇರುವೆ ಹತ್ತುತ್ತವೆ. ಆಮೇಲೆ ಕಡಿದದ್ದನ್ನು ಹೊರೆ ಕಟ್ಟಿ, ಸಿಂಬಿಯ ಮೇಲೆ ಇಟ್ಟುಕೊಂಡು, ಅಲುಗಾಡುವ ಹಲಗೆ ಹತ್ತಿ ಟ್ರ್ಯಾಕ್ಟರಿನ ಟ್ರೇಲರಿಗೆ ತುಂಬಬೇಕು. ಬಸುರಿಯರೂ ಹತ್ತುತ್ತಾರೆ. ನಮ್ಮವ್ವನೂ ಹತ್ತಿದ್ದಳು, ಹೊಟ್ಟೆಯಲ್ಲಿ ನಾನಿದ್ದಾಗ. ಚಹಾದಲ್ಲಿ ಸಕ್ಕರೆ ಕಡಿಮೆ ಆಯಿತೆಂದು ಯಾರಾದರೂ ಮುಖ ಹುಳ್ಳಗೆ ಮಾಡಿದರೆ ನನಗೆ ಕಪಾಳಕ್ಕೆ ಬಾರಿಸಬೇಕು ಅನಿಸುತ್ತದೆ.

ಕಬ್ಬಿನ ತಲೆ ಸವರಿದಾಗ ಬೀಳುವ ಹಸಿರು ತುದಿಗೆ ಸೋಗೆ ಎನ್ನುತ್ತೇವೆ. ಕಾರ್ಖಾನೆಗೆ ಅದು ಬೇಡ, ದನಕ್ಕೆ ಬೇಕು. ನಮ್ಮೂರಿನ ರೂಢಿ ಏನೆಂದರೆ, ದಿನದ ಮೊದಲ ಹೊರೆಗಳು ಹೊಲದ ಧಣಿಯ ಕೊಟ್ಟಿಗೆಗೆ, ಉಳಿದದ್ದು ಕಡಿದವರಿಗೆ. ಧಣಿಯ ಪಾಲನ್ನೂ ನಾವೇ ಹೊತ್ತು ಹಾಕಬೇಕು. ನಮ್ಮ ಪಾಲನ್ನು ಕಬ್ಬೂರ ಕಡೆಯ ಎಮ್ಮೆ ಸಾಕಿದವರು ಬಂದು ಕೊಳ್ಳುತ್ತಾರೆ. ಹಂಗಾಮಿನಲ್ಲಿ ಮನೆಯ ಉಪ್ಪು, ಎಣ್ಣೆ, ಮಾತ್ರೆ ಎಲ್ಲ ಅದರಲ್ಲೇ ಹೋಗುತ್ತದೆ. ಇದನ್ನು ಯಾರೂ ಕೇಳಿ ಒಯ್ಯುವುದಿಲ್ಲ, ಯಾರೂ ಕರೆದು ಕೊಡುವುದೂ ಇಲ್ಲ. ಅಜ್ಜಿಯ ಕಾಲದಿಂದ ಹಾಗೇ ನಡೆದಿದೆ.

ಆ ದಿನ ವಿಕ್ರಾಂತ ಪಾಟೀಲರ ಹೊಲದಲ್ಲಿ ಕಡಿತ ನಡೆದಿತ್ತು. ಪಾಟೀಲರು ಓದಿದವರು. ಮೋಟರ್ ಸೈಕಲ್ಲಿನ ಮುಂದೆ ಸಂವಿಧಾನ ದಿನದ ಸ್ಟಿಕರ್ ಕೂಡ ಇದೆ. ಅವರ ಹೊಲದಲ್ಲಿ ಬೇವಿನ ಗಿಡದ ಕೆಳಗೆ ನೀರಿನ ಕೊಡ ಇಡುತ್ತಾರೆ. ಕೊಡದ ಹತ್ತಿರ ಅವರ ಆಳು ದುಂಡೇಶ ನಿಲ್ಲುತ್ತಾನೆ. ನಮ್ಮವರು ಎರಡೂ ಕೈ ಬೊಗಸೆ ಮಾಡಿ ಬಾಗಬೇಕು, ದುಂಡೇಶ ಮೇಲಿಂದ ನೀರು ಹೊಯ್ಯುತ್ತಾನೆ. ಅರ್ಧ ಬಾಯಿಗೆ, ಅರ್ಧ ಕುಬಸಕ್ಕೆ. ಹೆಂಗಸರು ಬಾಗಿ ಕುಡಿಯುವಾಗ ದುಂಡೇಶನ ಕಣ್ಣು ಎಲ್ಲಿರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ನೀರು ಮೇಲಿಂದ ಹೊಯ್ಯುವುದು ಯಾಕೆ ಎಂದು ಯಾರಾದರೂ ಕೇಳಿದರೆ, ಪಾಟೀಲರು ಅದು ಸ್ವಚ್ಛತೆ ಅನ್ನುತ್ತಾರೆ. ಟ್ರ್ಯಾಕ್ಟರಿನ ಡ್ರೈವರ್ ಸುರಜನಿಗೆ ಅದೇ ಕೊಡದಿಂದ ಮಗ್ಗಿನಲ್ಲಿ ಕೊಡುತ್ತಾರೆ. ಸುರಜ ಗುಟಕಾ ತಿನ್ನುವವನು, ಅವನ ಬಾಯಿ ನೋಡಿದರೆ ಎಮ್ಮೆಯೂ ಹಿಂದೆ ಸರಿಯಬೇಕು. ಅಲ್ಲಿ ಸ್ವಚ್ಛತೆ ಬರುವುದಿಲ್ಲ.

ಅವತ್ತು ದುಂಡೇಶ ಬುತ್ತಿ ತರಲು ಊರಿಗೆ ಹೋಗಿದ್ದ. ಗಿಡದ ನೆರಳಲ್ಲಿ ಪಾಟೀಲರೊಬ್ಬರೇ ಫೋನಿನಲ್ಲಿ ಮಾತಾಡುತ್ತ ಕೂತಿದ್ದರು. ಚಿಗವ್ವ ಹಲಗೆ ಹತ್ತಿ ಇಳಿದು ಬಂದು ನೀರು ಕೇಳಿದಳು. ಪಾಟೀಲರು ಬೆರಳೆತ್ತಿ ನಿಲ್ಲು ಎಂದರು. ನಿಂತಳು. ಫೋನು ಮುಗಿಯಲಿಲ್ಲ. ಮತ್ತೆ ಕೇಳಿದಳು. ಮತ್ತೆ ಬೆರಳು. ಯಾರದೋ ಮನೆಯ ಮದುವೆಯ ಬಾಡೂಟದ ಸುದ್ದಿ ನಡೆದಿತ್ತಂತೆ ಅಲ್ಲಿ. ಚಿಗವ್ವನಿಗೆ ಕಣ್ಣು ಕತ್ತಲೆ ಬಂತು. ಹೋಗಿ ಕೊಡದಲ್ಲಿ ಮಗ್ಗು ಅದ್ದಿದಳು. ನಿಂತುಕೊಂಡು, ತಲೆ ಎತ್ತಿ, ಗಟಗಟ ಕುಡಿದಳು. ಇನ್ನೊಂದು ಮಗ್ಗು ತೆಗೆದು ಕುತ್ತಿಗೆಗೆ ಸುರಿದುಕೊಂಡಳು.

ಪಾಟೀಲರು ಕಾಯ್ದೆ ಬಲ್ಲವರು. ಜಾತಿಯ ಹೆಸರು ಬಾಯಿಗೆ ತರಲಿಲ್ಲ. ಎದ್ದು ಬಂದು ಕೊಡ ಒದ್ದರು, ಅಷ್ಟೇ. ನೀರು ಹರಿದು ಕಬ್ಬಿನ ಬುಡಕ್ಕೆ ಹೋಯಿತು. ಆ ಬಿಸಿಲಲ್ಲಿ ಉಳಿದ ಹೆಂಗಸರು ಸಂಜೆಯವರೆಗೆ ಒಣ ನಾಲಗೆ ಕಚ್ಚಿಕೊಂಡು ಕಡಿದರು. ಅವರಲ್ಲಿ ಕೆಲವರು ಬೈದದ್ದು ಚಿಗವ್ವನನ್ನೇ. ಅದಕ್ಕೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ, ಸಿಟ್ಟಿದೆ.

ಸಂಜೆ ಎಲ್ಲರೂ ಸೋಗೆಯ ಹೊರೆ ಹೊತ್ತು ಮನೆಯ ಹಾದಿ ಹಿಡಿದರು. ಪಾಟೀಲರ ಕೊಟ್ಟಿಗೆಗೆ ಅವರ ಪಾಲು ಬೆಳಿಗ್ಗೆಯೇ ಮುಟ್ಟಿತ್ತು. ರಸ್ತೆಯಲ್ಲಿ ಪೊಲೀಸ್ ಜೀಪು ನಿಂತಿತ್ತು, ಪಕ್ಕದಲ್ಲಿ ಪಾಟೀಲರು. ಸಾಲಾಗಿ ಬಂದ ಹೆಂಗಸರೆಲ್ಲ ಅದರ ಪಕ್ಕದಲ್ಲೇ ಹಾದುಹೋದರು. ಚಿಗವ್ವನನ್ನು ಮಾತ್ರ ನಿಲ್ಲಿಸಿದರು. ತಲೆಯ ಮೇಲೆ ಹೊರೆ ಇದ್ದಂತೆಯೇ ಫೋಟೋ ತೆಗೆದರು. ಪೇದೆಯೊಬ್ಬ, ಸ್ವಲ್ಪ ಈ ಕಡೆ ನೋಡವ್ವಾ ಎಂದೂ ಹೇಳಿದನಂತೆ. ಅದು ಆಕೆ ಬದುಕಿನಲ್ಲಿ ತೆಗೆಸಿಕೊಂಡ ಮೂರನೆಯ ಫೋಟೋ. ಮೊದಲಿನವೆರಡು ಆಧಾರ್ ಮತ್ತು ರೇಷನ್ ಕಾರ್ಡಿನವು.

ನೀರು ಕುಡಿದಳೆಂದು ಕೇಸು ಹಾಕಲು ಬರುವುದಿಲ್ಲ. ಹಾಕಿದರೆ ಹಾಕಿದವನೇ ಒಳಗೆ ಹೋಗುತ್ತಾನೆ. ಆದ್ದರಿಂದ ನೀರು ಸೋಗೆಯಾಯಿತು. ಮೇವಿನ ಕಳ್ಳತನ. ಸಣ್ಣ ಕಳವಿಗೆ ಕೋರ್ಟಿನ ಪರವಾನಗಿ ಇಲ್ಲದೆ ತನಿಖೆ ಮಾಡುವಂತಿಲ್ಲವಂತೆ. ಅದನ್ನೂ ತಂದರು. ನಮ್ಮ ಕೇರಿಗೆ ಕುಡಿಯುವ ನೀರಿನ ನಳ ಕೊಡಿ ಎಂದು ಕೊಟ್ಟ ಅರ್ಜಿ ಎಷ್ಟೋ ವರ್ಷದಿಂದ ಮಲಗಿದೆ, ಈ ಪರವಾನಗಿ ಮಾತ್ರ ಓಡಿಕೊಂಡು ಬಂತು.

ಆಮೇಲೆ ಆದದ್ದು ಕೇಸಿಗಿಂತ ಕೆಟ್ಟದ್ದು. ಕಡಿಯುವವರ ಟೋಳಿ ಕಟ್ಟಿಕೊಂಡು ಕೆಲಸಕ್ಕೆ ಒಯ್ಯುವ ಮುಕಾದಮ ತುಕಾರಾಮ ಮನೆಗೆ ಬಂದು, ಕಳವಿನ ಕೇಸು ಇದ್ದವಳನ್ನು ಕರೆದುಕೊಂಡು ಹೋದರೆ ಯಾವ ಧಣಿಯೂ ಹೊಲಕ್ಕೆ ಬಿಡುವುದಿಲ್ಲ, ಕೇಸು ಮುಗಿಯುವವರೆಗೆ ಬರಬೇಡ ಎಂದು ಹೇಳಿ ಹೋದ. ಕಬ್ಬು ಬಿಟ್ಟರೆ ನಮ್ಮ ಕಡೆ ಬೇರೆ ಕೂಲಿ ಏನಿದೆ? ಕಳ್ಳಿ ಎಂಬ ಒಂದು ಮಾತು ಅಂಟಿದರೆ ಚಿಗವ್ವ ಉಗಾರದಿಂದ ಅಥಣಿಯವರೆಗೆ ಎಲ್ಲೂ ಕೊಯ್ತಾ ಹಿಡಿಯುವಂತಿರಲಿಲ್ಲ. ಊರಲ್ಲಿ ಹಿಟ್ಟಿನ ಗಿರಣಿಯವನು ಆಕೆ ಬಂದರೆ ಜೋಳದ ಡಬ್ಬಿಗೆ ಮುಚ್ಚಳ ಹಾಕಲು ಶುರು ಮಾಡಿದ. ಅವನ ತೂಕದ ಕಲ್ಲಿನ ಕತೆ ಊರಿಗೇ ಗೊತ್ತು. ಅವನಿಗೂ ಒಬ್ಬಳು ಕಳ್ಳಿ ಸಿಕ್ಕಳು.

ಕೋರ್ಟಿನವರು ಚಿಗವ್ವನಿಗೆ ಫೀ ಇಲ್ಲದ ವಕೀಲರನ್ನು ಕೊಟ್ಟರು. ಹೆಸರು ಬ್ರಾಹ್ಮಿ. ಉಗಾರದ ಜೈನರ ಹುಡುಗಿ, ವಕೀಲಿಕೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಹೊತ್ತು ಮುಳುಗುವ ಮೊದಲು ಊಟ ಮುಗಿಸುವ ಮನೆತನವಾದ್ದರಿಂದ ಸಂಜೆಯಾದರೆ ಮಾತೂ ನಡಿಗೆಯೂ ಎರಡರಷ್ಟು ಓಡುತ್ತಿದ್ದವು. ಒಳ್ಳೆಯವರು. ಆದರೆ ಒಳ್ಳೆಯವರು ಕೂಡ ಮೊದಲು ಹೇಳುವುದು ಒಪ್ಪಿಕೊಂಡುಬಿಡು ಅಂತಲೇ.

ಕೋರ್ಟಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ಅವರು ನಮಗೆ ದೋಷಾರೋಪಣೆ ಎಂದರೇನು ಎಂದು ತಿಳಿಸಿದರು. ಪೊಲೀಸರು ಹೇಳಿದ್ದೆಲ್ಲ ಬರೀ ದೂರು. ಅದನ್ನು ನೋಡಿ, ಇಂಥವರು ಇಂಥ ದಿನ ಇಂಥ ತಪ್ಪು ಮಾಡಿದ್ದಾರೆಂದು ಆಪಾದನೆ ಇದೆ ಎಂದು ಕೋರ್ಟೇ ನಮ್ಮ ಮುಖಕ್ಕೆ ಓದಿ ಹೇಳುತ್ತದೆ. ಅದೇ ದೋಷಾರೋಪಣೆ. ಓದಿದ ಮೇಲೆ ಒಪ್ಪುತ್ತೀರೋ ಇಲ್ಲವೋ ಎಂದು ಕೇಳುತ್ತದೆ. ಇಲ್ಲವೆಂದರೆ ವಿಚಾರಣೆ. ಅಲ್ಲಿಯವರೆಗೆ ನೀವು ಆರೋಪಿ ಮಾತ್ರ, ಅಪರಾಧಿ ಅಲ್ಲ ಎಂದರು.

“ಊರಾಗ ಓದೂದೂ ಇಲ್ಲ, ಕೇಳೂದೂ ಇಲ್ಲರಿ,” ಎಂದಳು ಚಿಗವ್ವ. “ನಿಮ್ಮ ಕೋರ್ಟ ಭಾಳ ಛಲೋ ಐತಿ.”

ವಕೀಲರು ನಕ್ಕರು. ಆಮೇಲೆ ಸ್ವರ ತಗ್ಗಿಸಿ, ಹೊಸ ಕಾಯ್ದೆ ಬಂದಿದೆ, ಸಣ್ಣ ಕಳವು, ಮೊದಲ ಸಲ, ಒಪ್ಪಿಕೊಂಡರೆ ಜೈಲಿಲ್ಲ, ಕದ್ದ ಮಾಲಿನ ಕಿಮ್ಮತ್ತು ತುಂಬಿದರೆ ಬರೀ ಸಮುದಾಯ ಸೇವೆ ಎಂದರು. ವಿಚಾರಣೆ ಎಂದರೆ ವರ್ಷಗಟ್ಟಲೆ ಅಲೆದಾಟ. ಒಪ್ಪಿಕೊಂಡರೆ ಇವತ್ತೇ ಮುಗಿಯುತ್ತದೆ. ಜೊತೆಗೆ ಬಂದಿದ್ದ ಭೀಮಸಿ ಕಾಕಾ, ಅಂದರೆ ಚಿಗವ್ವನ ಗಂಡ, ದೇವರೇ ಬಾಯಿಬಿಟ್ಟ ಹಾಗೆ ತಲೆ ಆಡಿಸಿದ. ಕಾಕಾ ಹಲಗೆ ಬಾರಿಸುವವನು. ಹಲಗೆಯ ಮೇಲೆ ಅವನ ಕೈ ಹುಲಿ, ಧಣಿಗಳ ಮುಂದೆ ಮಾತ್ರ ಅವನ ನಾಲಗೆ ಬೆಕ್ಕಿನ ಮರಿ.

ಸಮುದಾಯ ಸೇವೆ ಅಂದರೇನು ಎಂದು ಚಿಗವ್ವ ಕೇಳಿದಳು. ಕೂಲಿ ಇಲ್ಲದೆ ಊರಿನ ಕೆಲಸ ಮಾಡಿಕೊಡುವುದು ಎಂದು ವಕೀಲರು ವಿವರಿಸಿದರು. ರಸ್ತೆ ಗುಡಿಸುವುದು, ಆಸ್ಪತ್ರೆ ತೊಳೆಯುವುದು, ಹಾಗೇನಾದರೂ ನ್ಯಾಯಾಧೀಶರು ಹೇಳಿದ್ದು.

ಚಿಗವ್ವ ಒಂದು ಗಳಿಗೆ ಅವರ ಮುಖ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೋರ್ಟಿನ ಪೇದೆ ಹೊರಗೆ ಬಂದು ಸುಮ್ಮನಿರಲು ಹೇಳಿದ, ಆದರೂ ನಕ್ಕಳು. ಕಣ್ಣೊರೆಸಿಕೊಂಡು ಹೇಳಿದಳು:

“ಅದನ್ನ ನಮ್ಮತ್ತಿ ಮಾಡ್ಯಾಳರಿ. ಆಕಿ ಅತ್ತಿನೂ ಮಾಡ್ಯಾಳ. ಊರು ಗುಡಸ್ಯಾರ, ಸತ್ತ ದನ ಎಳದಾರ, ಕೂಲಿ ಯಾರೂ ಕೊಟ್ಟಿಲ್ಲ. ಅವರು ಏನ ಕದ್ದಿದ್ದರು, ಅದನ್ನೊಂದಿಷ್ಟ ಕೇಳಿ ಹೇಳ್ರಿ.”

ವಕೀಲರು ಕೈಯಲ್ಲಿದ್ದ ಫೈಲು ಮುಚ್ಚಿದರು. ನಂತರ, ಒಪ್ಪಿಕೊಳ್ಳುವುದು ಬೇಡ, ನಾ ನಡೆಸುತ್ತೇನೆ ಎಂದರು. ಅವರು ನಮ್ಮ ವಕೀಲರಾದದ್ದು ಆಗ. ಅದಕ್ಕೂ ಮೊದಲು ಕೋರ್ಟು ಕೊಟ್ಟ ವಕೀಲರಾಗಿದ್ದರು.

ಒಳಗೆ ಕರೆದರು. ‘ಆರೋಪಿ ಮಲಕವ್ವ ಗಂಡ ಭೀಮಸಿ’ ಎಂದು ಪೇದೆ ಕೂಗಿದ. ಚಿಗವ್ವ ಸೆರಗು ಹೊದ್ದು ಕಟಕಟೆಯಲ್ಲಿ ನಿಂತಳು. ನ್ಯಾಯಾಧೀಶರು ಓದಿದರು. ಫಿರ್ಯಾದಿಯ ಸ್ವಾಧೀನದಲ್ಲಿದ್ದ ಕಬ್ಬಿನ ಸೋಗೆಯನ್ನು ಅವರ ಸಮ್ಮತಿಯಿಲ್ಲದೆ ಅಪ್ರಾಮಾಣಿಕ ಉದ್ದೇಶದಿಂದ ಸಾಗಿಸಿದ್ದೀರಿ. ಎಷ್ಟು ಚಂದದ ಮಾತುಗಳು. ನಮ್ಮ ಮೇಲೆ ಹಾಕಿದ ಹೊರೆಗಳಿಗೆ ಸಾಮಾನ್ಯವಾಗಿ ಇಷ್ಟು ಒಳ್ಳೆಯ ಹಗ್ಗ ಕಟ್ಟುವುದಿಲ್ಲ. ಓದಿ ಮುಗಿಸಿ, ಆಪಾದನೆ ತಿಳಿಯಿತೇ, ತಪ್ಪು ಒಪ್ಪುತ್ತೀರಾ ಎಂದು ಕೇಳಿದರು.

“ನೀರು ಕುಡದದ್ದು ಒಪ್ಪತೀನ್ರಿ,” ಎಂದಳು ಚಿಗವ್ವ. “ಸೋಗಿ ಕದ್ದಿಲ್ಲ.”

ನ್ಯಾಯಾಧೀಶರಿಗೆ ಅರ್ಥವಾಗಲಿಲ್ಲ. ಇದರಲ್ಲಿ ನೀರಿನ ವಿಷಯ ಇಲ್ಲವಲ್ಲ ಎಂದರು.

“ಇರಬೇಕಿತ್ತರಿ. ಅದಕ್ಕ ಹಾಕ್ಯಾರ.”

ಹಿಂದಿನ ಬೆಂಚುಗಳಲ್ಲಿ ಕಿಸಕ್ಕೆಂದರು. ನ್ಯಾಯಾಧೀಶರು ಮೇಜು ತಟ್ಟಿ, ಓದಿದ ಆಪಾದನೆಗೆ ಮಾತ್ರ ಉತ್ತರ ಹೇಳಬೇಕೆಂದರು. ಒಪ್ಪುವುದಿಲ್ಲ ಎಂದಳು. ವಿಚಾರಣೆಗೆ ಇಟ್ಟರು. ನೀರಿನ ಮಾತು ಗಾಳಿಯಲ್ಲಿ ಹೋಯಿತು.

ಅಲ್ಲಿಂದ ಊರು ಇನ್ನೂ ಕೆಟ್ಟಿತು. ಮಾದಿಗರವಳು ಒಪ್ಪುವುದಿಲ್ಲ ಅಂದಳಂತೆ ಎಂಬ ಸುದ್ದಿ ನಮ್ಮ ಟಂಟಂಗಿಂತ ಮುಂಚೆ ಊರು ಮುಟ್ಟಿತ್ತು. ಹಂಗಾಮು ಮುಗಿಯಿತು, ಮಳೆಗಾಲ ಹೋಯಿತು, ಮತ್ತೆ ಕಾರ್ಖಾನೆಯ ಚಿಮಣಿ ಹೊಗೆಯಾಡಿತು. ತುಕಾರಾಮನ ಟೋಳಿ ಚಿಗವ್ವನ ಮನೆಯ ಮುಂದೆಯೇ ಟ್ರ್ಯಾಕ್ಟರು ಹತ್ತಿ ಹೋಗುತ್ತಿತ್ತು. ಕೊಯ್ತಾ ಚಪ್ಪರದ ಗಳಕ್ಕೆ ಸಿಕ್ಕಿಸಿ ಆಕೆ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಊರೂರು ಅಲೆದು ಜೋಳದ ಹೊಲದ ಕಳೆ ತೆಗೆದಳು, ನಿಪ್ಪಾಣಿಯ ಕಡೆ ತಂಬಾಕಿನ ಎಲೆ ಬಿಡಿಸಲು ಹೋದಳು. ತಂಬಾಕಿನ ಘಾಟಿಗೆ ಎದೆ ಕಟ್ಟಿ ಕೆಮ್ಮು ಹಿಡಿದುಕೊಂಡು ಬಂದಳು. ಸೊರಗಿದಳು. ಆಕೆಯನ್ನು ಹಾಗೆ ನೋಡುವುದು ನನಗೆ ಆಗುತ್ತಿರಲಿಲ್ಲ.

ಆಗ ತುಕಾರಾಮ ರಾಜಿಯ ಮಾತು ತಂದ. ಪಾಟೀಲರದು ದೊಡ್ಡ ಮನಸ್ಸು. ಸೋಗೆ ಒಯ್ದದ್ದು ತಪ್ಪಾಯಿತು ಅಂತ ಊರ ನಾಕು ಮಂದಿಯ ಮುಂದೆ ಅಂದರೆ ಸಾಕು, ಕೇಸು ತೆಗೆಯುತ್ತಾರೆ, ಮರುದಿನವೇ ಟೋಳಿಗೆ ಬಾ. ಭೀಮಸಿ ಕಾಕಾ ಹೆಂಡತಿಯ ಕೈ ಹಿಡಿದುಕೊಂಡ. ಕೇರಿಯೊಳಗೆ ಗಂಡ ಹೆಂಡತಿಯ ಕೈ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಅಂದಬಿಡ ಬೇ,” ಎಂದ. “ಬಾಯಿ ಮಾತು. ನಮ್ಮ ಬಾಯಿಂದ ಎಂಥೆಂಥಾ ಸುಳ್ಳು ಅನಿಸ್ಯಾರ, ಇದೊಂದ ಹೆಚ್ಚೇನು?”

ಚಿಗವ್ವ ಕೈ ಬಿಡಿಸಿಕೊಳ್ಳಲಿಲ್ಲ. ನಾ ತಪ್ಪಾತು ಅಂದರೆ ನಾಳೆಯಿಂದ ಕಡಿಯುವ ಎಲ್ಲ ಹೆಂಗಸರೂ ಸೋಗೆಗೆ ಕೈ ಒಡ್ಡಿ ನಿಲ್ಲಬೇಕು, ಕೊಟ್ಟರೆ ಧರ್ಮ, ಮುಟ್ಟಿದರೆ ಕಳವು ಎಂದು ಆಗುತ್ತದೆ ಎಂದಳು. ಅಷ್ಟು ಹೇಳಿ ತುಕಾರಾಮನ ಕಡೆ ತಿರುಗಿದಳು. “ನಾ ತಪ್ಪ ಮಾಡಿಲ್ಲಂದ್ರ ಅಂವ ಎದಕ್ಕ ಮಾಫಿ ಮಾಡ್ತಾನ? ದೊಡ್ಡ ಮನಸ ಇದ್ರ ಕೋರ್ಟಿಗೆ ಬಂದ ನಿಂದರ್ಲಿ. ನಾ ನಿಂತೇನಿ.”

ತುಕಾರಾಮ ಎದ್ದ. ಸೊಕ್ಕು ಬಂದೈತಿ ಎಂದು ಬಾಗಿಲಲ್ಲಿ ಹೇಳಿ ಹೋದ. ಸೊಕ್ಕು ಎಂಬ ಮಾತು ನಮ್ಮ ಕಡೆ ಎಲ್ಲರಿಗೂ ಬಳಸುವುದಿಲ್ಲ. ಪಾಟೀಲರಿಗೆ ಇದ್ದರೆ ಅದಕ್ಕೆ ಗತ್ತು ಎನ್ನುತ್ತಾರೆ.

ಕೊನೆಗೆ ಪಾಟೀಲರ ಸಾಕ್ಷಿಯ ದಿನ ಬಂತು. ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಕಿಕೊಂಡು ಊರಿನ ಅರ್ಧ ಗಂಡಸರನ್ನು ಎರಡು ಜೀಪು ತುಂಬಿಕೊಂಡು ಬಂದಿದ್ದರು. ಕೋರ್ಟಿನಲ್ಲಿ ಕೂರಲು ಜಾಗ ಇರಲಿಲ್ಲ. ನಾವು ಬಾಗಿಲ ಹತ್ತಿರ ಗೋಡೆಗೆ ಒರಗಿದೆವು. ಸಾಕ್ಷಿಯ ಕಟ್ಟೆಗೆ ಪಾಟೀಲರು ಸನ್ಮಾನಕ್ಕೆ ಹತ್ತಿದಂತೆ ಹತ್ತಿದರು. ಸರಕಾರಿ ವಕೀಲರು ಕೇಳಿದ್ದಕ್ಕೆಲ್ಲ ಹೌದು ಎಂದರು. ಈಕೆ ಕದ್ದಳೇ, ಹೌದು. ನಿಮ್ಮ ಸಮ್ಮತಿ ಇತ್ತೇ, ಇಲ್ಲ.

ಆಮೇಲೆ ಬ್ರಾಹ್ಮಿ ವಕೀಲರು ಎದ್ದರು. ದೊಡ್ಡದೇನೂ ಕೇಳಲಿಲ್ಲ. ಹಂಗಾಮಿನಲ್ಲಿ ನಿಮ್ಮ ಎಮ್ಮೆಗಳಿಗೆ ಏನು ಮೇವು ಎಂದು ಕೇಳಿದರು. ಸೋಗೆ ಎಂದರು ಪಾಟೀಲರು. ಯಾರು ಹೊತ್ತು ತಂದು ಹಾಕುತ್ತಾರೆ? ಕಡಿಯುವವರು. ಅದಕ್ಕೆ ಕೂಲಿ? ಅದಕ್ಕೇನು ಕೂಲಿ, ರೂಢಿ. ಉಳಿದ ಸೋಗೆ ಯಾರು ಒಯ್ಯುತ್ತಾರೆ? ಪಾಟೀಲರು ಸರಕಾರಿ ವಕೀಲರ ಕಡೆ ನೋಡಿದರು. ಸರಕಾರಿ ವಕೀಲರು ಫ್ಯಾನಿನ ಕಡೆ ನೋಡಿದರು. ಕಡಿಯುವವರು ಒಯ್ಯುತ್ತಾರೆ ಎಂದು ಒಪ್ಪಿಕೊಳ್ಳಬೇಕಾಯಿತು. ಹಾಗಾದರೆ ಅವರ ಪಾಲು ಕಳವು, ನಿಮ್ಮ ಎಮ್ಮೆ ತಿಂದದ್ದು ರೂಢಿಯೇ ಎಂದು ಕೇಳಿದಾಗ ಹಿಂದೆ ನಗೆ ಎದ್ದಿತು. ಎಮ್ಮೆಗಳನ್ನೂ ಕರೆಸಿ ಎಂದು ಯಾರೋ ಅಂದರು. ನಾನೇ ಅಂದದ್ದು. ಪೇದೆ ನನ್ನ ಹೆಗಲ ಮೇಲೆ ಕೈ ಇಟ್ಟ.

ಆ ನಗೆಯೇ ಪಾಟೀಲರನ್ನು ಕೆಡಿಸಿತು. ತಾವು ಜೀಪಿನಲ್ಲಿ ತುಂಬಿಕೊಂಡು ಬಂದ ಮಂದಿ ಕೂಡ ನಕ್ಕಿದ್ದರು. ಕಿವಿ ಕೆಂಪಾಯಿತು. ವಕೀಲರು ಬಿಡಲಿಲ್ಲ. ಆ ಸಂಜೆ ಟೋಳಿಯ ಹೆಂಗಸರೆಲ್ಲ ಸೋಗೆ ಹೊತ್ತು ನಿಮ್ಮ ಕಣ್ಣೆದುರೇ ಹೋದರಲ್ಲ, ಎಲ್ಲರನ್ನೂ ಬಿಟ್ಟು ಈಕೆಯೊಬ್ಬಳ ಮೇಲೆ ಯಾಕೆ ದೂರು ಕೊಟ್ಟಿರಿ ಎಂದು ಕೇಳಿದರು.

“ಎಲ್ಲಾರೂ ನನ್ನ ಕೊಡದಾಗ ಕೈ ಹಾಕಿಲ್ಲಲ್ರಿ,” ಎಂದರು ಪಾಟೀಲರು. ಸಿಟ್ಟಿನಲ್ಲಿ ಧ್ವನಿ ಏರಿತ್ತು. “ಮಾದರಾಕಿ ಮಗ್ಗ ಹಾಕಿ ನೀರ ಕುಡದ್ಲು. ಮನ್ಯಾಗಿನ ಮಂದಿ ಕುಡಿಯೂ ಕೊಡ ಅದು. ಹಂಗ ಬಿಟ್ರ ನಾಳೆ ಊರಾಗ ಯಾರ ಮಾತ ಕೇಳ್ತಾರ?”

ಹೇಳಿ, ಸುತ್ತ ನೋಡಿದರು. ನೋಡಿದ್ದು ಹೆದರಿ ಅಲ್ಲ. ನ್ಯಾಯ ಹೇಳಿದವರು ಹೌದೆನಿಸಿಕೊಳ್ಳಲು ನೋಡುವ ಹಾಗೆ. ಜೀಪಿನಲ್ಲಿ ಬಂದವರಲ್ಲಿ ಹಲವರು ತಲೆಯನ್ನೂ ಆಡಿಸಿದರು. ಅವರಿಗೆ ಅದರಲ್ಲಿ ತಪ್ಪೇ ಕಂಡಿರಲಿಲ್ಲ. ಕಾಯ್ದೆ ಬಲ್ಲ ಮನುಷ್ಯ, ಅಷ್ಟು ದಿನ ಕಾಪಾಡಿಕೊಂಡು ಬಂದ ನಾಲಗೆ, ತನ್ನ ನ್ಯಾಯ ಅಷ್ಟು ಸರಿ ಅನಿಸಿದ್ದರಿಂದಲೇ ಜಾರಿತು. ಹುಟ್ಟಿನಿಂದ ತಲೆಯಲ್ಲಿ ಕೂತದ್ದನ್ನು ಎಷ್ಟು ದಿನ ಅಂತ ಬಾಯಲ್ಲಿ ಕಟ್ಟಿ ಇಡಲಾಗುತ್ತದೆ.

ಟೈಪು ಮಾಡುವವರ ಕೈ ನಿಂತಿತು. ಬರೆಯಬೇಕೋ ಬೇಡವೋ ಎಂದು ಅವರು ಮೇಲೆ ನೋಡಿದರು. ನ್ಯಾಯಾಧೀಶರು ಕನ್ನಡಕ ತೆಗೆದು, ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೆಯೇ ದಾಖಲು ಮಾಡಿ ಎಂದರು. ಟಕಟಕ ಎಂದು ಅಕ್ಷರಗಳು ಬಿದ್ದವು. ಆಗ ಪಾಟೀಲರ ಮುಖದ ಬಣ್ಣ ಇಳಿಯಿತು. ಚಿಗವ್ವ ಕಟಕಟೆಯ ಕಂಬಿ ಹಿಡಿದು ನಿಂತಿದ್ದಳು. ಆಕೆ ನಗಲಿಲ್ಲ, ಅಳಲಿಲ್ಲ. ನನಗೆ ಮಾತ್ರ ಅಳು ಬಂತು. ನಾಚಿಕೆ ಬಿಟ್ಟು ಅತ್ತೆ.

ಉಳಿದ ಸಾಕ್ಷಿಗಳು ಮುಗಿದು, ಮುಂದಿನ ಒಂದು ದಿನ ಚಿಗವ್ವನನ್ನು ನಿರ್ದೋಷಿ ಎಂದು ಬಿಟ್ಟರು. ಸೋಗೆ ಕಡಿಯುವವರ ರೂಢಿಯ ಪಾಲು, ಕಳವಲ್ಲ ಎಂದು ನ್ಯಾಯಾಧೀಶರು ಓದಿದರು. ಹೊರಗೆ ಬಂದಾಗ ಭೀಮಸಿ ಕಾಕಾ ಬಿಸಿ ಭಜಿ ತಿನ್ನೋಣ ಎಂದ. ದೇವರಿಗೊಂದು ಕಾಯಿ ಒಡೆಸಿ ಮನೆಗೆ ಹೋಗೋಣ, ಎಲ್ಲ ಮುಗಿಯಿತು ಎಂದ. ನನಗೂ ಹಾಗೇ ಅನಿಸಿತ್ತು. ನಮ್ಮಂಥವರಿಗೆ ಹೊಡೆತ ನಿಂತರೆ ಅದೇ ಹಬ್ಬ.

ಚಿಗವ್ವ ಭಜಿಯ ಅಂಗಡಿ ದಾಟಿ ನಡೆದಳು. ಎಲ್ಲಿಗೆ ಎಂದು ಕೇಳಿದರೆ, ಠಾಣೆಗೆ ಎಂದಳು.

“ಕೇಸು ಬಿಟ್ಟೈತಲ್ಲ, ಮತ್ತ ಯಾಕ?” ಎಂದ ಕಾಕಾ.

“ನಂದ ಬಿಟ್ಟೈತಿ,” ಎಂದಳು. “ಅವಂದ ಇನ್ನ ಚಾಲೂ ಆಗಿಲ್ಲ.”

ಬ್ರಾಹ್ಮಿ ವಕೀಲರು ಹೊತ್ತು ನೋಡಿದರು. ಬಿಸಿಲು ಇಳಿಯುತ್ತಿತ್ತು, ಅವರ ಊಟದ ಹೊತ್ತು ಮೀರಲು ಬಂದಿತ್ತು. ಒಂದು ದಿನ ಉಪವಾಸ ಆದರೆ ಆಗಲಿ ಎಂದು ಅವರೂ ನನ್ನ ಟಂಟಂ ಹತ್ತಿದರು.

ಠಾಣೆಯಲ್ಲಿ ಮೇಜಿನ ಹಿಂದೆ ಪೇದೆ ಕೂತಿದ್ದ. ಚಿಗವ್ವನ ಗುರುತು ಹಿಡಿದ. ಏನವ್ವಾ, ಬಿಡುಗಡೆ ಆಯ್ತಂತಲ್ಲ, ಪೇಢೆ ತಂದೆಯೇನು ಎಂದ. ಆಕೆ ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಹಿಂದೆ ಇದೇ ಕೋಣೆಯಲ್ಲಿ ಆಕೆಯನ್ನು ನೆಲದ ಮೇಲೆ ಕೂರಿಸಿದ್ದರು. ಪೇದೆ ಕುರ್ಚಿಯನ್ನೂ ಆಕೆಯನ್ನೂ ನೋಡಿದ. ಆಮೇಲೆ ಪಕ್ಕದಲ್ಲಿ ನಿಂತ ಕಪ್ಪು ಕೋಟನ್ನೂ ನೋಡಿದ. ಜಾತಿ ದೌರ್ಜನ್ಯದ ದೂರು ಕೊಡಬೇಕಾಗಿದೆ ಎಂದು ವಕೀಲರು ಹೇಳಿದರು. ಪೇದೆ ಸಾಹೇಬರಿಲ್ಲ ಎಂದ, ನಾಳೆ ಬನ್ನಿ ಎಂದ, ಪೆನ್ನು ಖಾಲಿಯಾಗಿದೆ ಎಂದ. ನಾನು ಜೇಬಿನಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟೆ.

ಚಿಗವ್ವ ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ಬಿಸಿಲು, ಹಲಗೆ, ಎರಡು ಸಲ ಎತ್ತಿದ ಬೆರಳು, ಒದ್ದ ಕೊಡ. ಹೊಲದ ಎಲ್ಲ ಹೆಂಗಸರ ಒಣ ನಾಲಗೆಯನ್ನೂ ಬರೆಸಿದಳು. ಕೊನೆಗೆ ಪೇದೆ ಆರೋಪಿಯ ಹೆಸರು ಕೇಳಿದ.

“ವಿಕ್ರಾಂತ,” ಎಂದಳು. “ತಂದಿ ಶಿವಾಜಿ. ಅಡ್ಡಹೆಸರು ಪಾಟೀಲ.”

ಭೀಮಸಿ ಕಾಕಾನ ಕೈ ತನ್ನಷ್ಟಕ್ಕೆ ಬಾಯಿಗೆ ಹೋಯಿತು. ಆ ಮನೆಯ ಗಂಡಸರ ಹೆಸರನ್ನು ನಮ್ಮ ಕೇರಿಯಲ್ಲಿ ಬರಿದಾಗಿ ಯಾರೂ ಕರೆದಿರಲಿಲ್ಲ. ಧಣಿ ಎನ್ನುತ್ತಿದ್ದೆವು, ಗೌಡರು ಎನ್ನುತ್ತಿದ್ದೆವು. ಸಿಟ್ಟು ಬಂದಾಗ, ಬಾಗಿಲು ಹಾಕಿಕೊಂಡು ಬೈಯುವಾಗಲೂ ಧಣಿ ಎಂದೇ ಬೈಯುತ್ತಿದ್ದೆವು. ಇಷ್ಟುದ್ದಕ್ಕೂ ಪಾಟೀಲರು, ಬಂದರು, ಹೋದರು ಎಂದು ಬರೆದುಕೊಂಡು ಬಂದ ನಾನೂ ಅದೇ ಕೇರಿಯವನು.

ಪೇದೆ ಪೆನ್ನು ಎತ್ತಿದ. ಊರಿಗೆ ದೊಡ್ಡ ಮನುಷ್ಯ, ಪಾಟೀಲ ಸಾಹೇಬ್ರು ಅನ್ನಬೇಕವ್ವಾ ಎಂದ.

“ಆರೋಪಿಗೆ ಸಾಹೇಬ್ರು ಅಂತಾರೇನ್ರಿ?” ಎಂದಳು ಚಿಗವ್ವ. “ನನಗ ಯಾರೂ ಅಂದಿಲ್ಲ.”

ಪೇದೆ ಬರೀ ಹೆಸರು ಬರೆದುಕೊಂಡ.